ಆ್ಯಕ್ಟಿವಿಟಿ ಲೆವೆಲ್ 'ಮಾಡರೇಟ್' ಹಾಕಿದ್ದೇನೆ, ಆರು ವಾರದಿಂದ ತೂಕದ ಮುಳ್ಳು ಅಲ್ಲಾಡ್ತಿಲ್ಲ

ಡೊಂಬಿವಲಿ ಲೋಕಲ್:
ತಲೆ ಕೆಟ್ಟು ಹೋಗಿದೆ. ಆರು ವಾರದಿಂದ ತಿಂದದ್ದೆಲ್ಲ ಬರೆಯುತ್ತಿದ್ದೇನೆ, ಚಹಾದ ಸಕ್ಕರೆಯನ್ನೂ ಬಿಟ್ಟಿಲ್ಲ. ಕ್ಯಾಲೊರಿ ಲೆಕ್ಕದ ಆ್ಯಪ್ ಪ್ರತಿ ರಾತ್ರಿ ಮಿತಿಯೊಳಗಿದ್ದೀರಿ ಅಂತ ಹಸಿರು ತೋರಿಸುತ್ತದೆ, ತೂಕ ಮಾತ್ರ ಇದ್ದಲ್ಲೇ ಇದೆ. ದಿನಾ ಎಷ್ಟು ಓಡಾಟ ಅನ್ನುವ ಲೆವೆಲ್ ಸರಿಯಾಗೇ ಹಾಕಿದ್ದೇನೆ. ದಿನಾ ಮುಂಬೈ ಫೋರ್ಟ್‌ಗೆ ಲೋಕಲ್ ರೈಲಿನಲ್ಲಿ ನಿಂತೇ ಹೋಗಿ ನಿಂತೇ ಬರುವವನು ನಾನು. ಸಿಎಸ್‌ಎಂಟಿ ಸ್ಟೇಷನ್ನಿಂದ ಆಫೀಸಿಗೆ ನಡಿಗೆ. 9,000 ಹೆಜ್ಜೆಗೆ ಕಡಿಮೆ ಇಲ್ಲ. ಆ್ಯಪೇ ಕೆಟ್ಟಿದೆಯಾ? ಬೇರೆ ಯಾವುದು ಒಳ್ಳೇದು?

ಮಾಟುಂಗಾ ಮಾಮ:
ಎಣ್ಣೆ. ಬೇರೆ ಏನೂ ಅಲ್ಲ. ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ. ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಬರ್ತದೆ ಹೇಳಿ.

ಡೊಂಬಿವಲಿ ಲೋಕಲ್:
ನಾಲ್ಕು ಜನಕ್ಕೆ 3 ಲೀಟರ್. ಬರೆಯುತ್ತೇನೆ ಸರ್ ಅದನ್ನೂ.

ಮಾಟುಂಗಾ ಮಾಮ:
3 ಲೀಟರ್ ಅಂದ್ರೆ 2,700 ಗ್ರಾಂ ಚಿಲ್ಲರೆ. ತಲೆಗೆ ದಿನಕ್ಕೆ 23 ಗ್ರಾಂ, ಅಂದ್ರೆ 200 ಕ್ಯಾಲೊರಿ ದಾಟಿತು. ನೀವು ಬರೆದದ್ದು ಎಷ್ಟು?

ಡೊಂಬಿವಲಿ ಲೋಕಲ್:
190.

ಮಾಟುಂಗಾ ಮಾಮ:
ಹಾಗಾದ್ರೆ ಆಫೀಸ್ ಕ್ಯಾಂಟೀನಿನ ಎಣ್ಣೆ.

ಪುಣೆ ಪೆಡಲ್:
ನಿಲ್ಲುವುದು ವ್ಯಾಯಾಮ ಅಲ್ಲ. ಕೂತಿದ್ದಕ್ಕಿಂತ ನಿಂತರೆ ತಾಸಿಗೆ ಹತ್ತು ಕ್ಯಾಲೊರಿ ಆಸುಪಾಸು ಜಾಸ್ತಿ, ಅಷ್ಟೇ. ನಾನು ಭಾನುವಾರ ಸಿಂಹಗಡ ಸೈಕಲ್‌ನಲ್ಲಿ ಹತ್ತುತ್ತೇನೆ, ಆದರೂ 'ಲೈಟ್' ಹಾಕಿಕೊಂಡಿದ್ದೇನೆ.

ಮುಲುಂಡ್ ಮಾಣಿ:
ಬೆಳಿಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಹತ್ತಿ ನೋಡಿ ಮಾರಾಯ್ರೆ, ಆಮೇಲೆ ಮಾತಾಡುವ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಯಾರದ್ದೋ ಬ್ಯಾಗ್ ಮೇಲೆ. ಅದು ಕುಸ್ತಿ, ನಿಲ್ಲುವುದಲ್ಲ.

ಪುಣೆ ಪೆಡಲ್:
ಬೆವರು ಬಂದ ಮಾತ್ರಕ್ಕೆ ಕೊಬ್ಬು ಕರಗೋದಿಲ್ಲ. ನನ್ನ ಸೈಕಲ್‌ಗೆ ತುಳಿಯುವ ಶಕ್ತಿ ಅಳೆಯುವ ಪವರ್ ಮೀಟರ್ ಇದೆ, ಅದಕ್ಕೇ ಹೇಳ್ತಿದ್ದೇನೆ. ಎರಡೂ ಪೆಡಲ್‌ನದ್ದು.

ಮುಲುಂಡ್ ಮಾಣಿ:
ಯಾರು ಕೇಳಿದ್ರು?

ಥಾಣೆ ಅಕ್ಕ:
ಜಗಳ ಆಮೇಲೆ ಆಡಿ. ಲೋಕಲ್ ಅವರೇ, ತೂಕ, ಎತ್ತರ, ವಯಸ್ಸು ಏನೂ ಬರೆದಿಲ್ಲ ನೀವು. ವಾಚ್ ಆ್ಯಪ್‌ಗೆ ಜೋಡಿಸಿದ್ದೀರಾ?

ಡೊಂಬಿವಲಿ ಲೋಕಲ್:
ಜೋಡಿಸಿದ್ದೇನೆ ಅಕ್ಕ, ಎಲ್ಲರೂ ಜೋಡಿಸ್ತಾರಲ್ವಾ? 78 ಕೆಜಿ, 170 ಸೆಂ.ಮೀ, 41 ವರ್ಷ. ಆ್ಯಪ್ ದಿನಕ್ಕೆ 2,050 ಕ್ಯಾಲೊರಿ ಕೊಡುತ್ತದೆ. ವಾಚ್ ನಡಿಗೆಗೆ ಅಂತ ದಿನಾ 350 ಸೇರಿಸುತ್ತದೆ. ಸೇರಿಸಿದ್ದನ್ನು ಸಂಜೆ ವಡಾಪಾವ್‌ಗೆ ಇಟ್ಟುಕೊಳ್ಳುತ್ತೇನೆ.

ಥಾಣೆ ಅಕ್ಕ:
ಅಲ್ಲೇ ಇದೆ ನೋಡಿ. 1990ರ ಮಿಫ್ಲಿನ್ ಸೂತ್ರದಲ್ಲಿ ನಿಮ್ಮದು ಸುಮ್ನೆ ಮಲಗಿದ್ದರೂ ಖರ್ಚಾಗುವ 1,640 ಕ್ಯಾಲೊರಿ. ಸೆಡೆಂಟರಿಗೆ, ಅಂದರೆ ಕೂತೇ ಇರುವವರಿಗೆ, 1.2ರಿಂದ ಗುಣಿಸಿದರೆ 1,970. ಲೈಟ್‌ಗೆ 1.375, ಅಂದರೆ 2,260. ಮಾಡರೇಟ್‌ಗೆ 1.55, ಸುಮಾರು 2,550. ತೂಕ ಇಳಿಯಲಿ ಅಂತ ಅದರಲ್ಲಿ 500 ಕಳೆದು ಆ್ಯಪ್ 2,050 ಕೊಟ್ಟಿದೆ. ಮಾಡರೇಟ್ ಅಂದಾಗಲೇ ನಿಮ್ಮ ನಡಿಗೆ ಲೆಕ್ಕಕ್ಕೆ ಬಂತು. ಅದೇ ನಡಿಗೆಯನ್ನು ವಾಚ್ ಮತ್ತೆ ಸೇರಿಸುತ್ತಿದೆ. ಒಂದೇ ಹೆಜ್ಜೆಗೆ ಎರಡು ಸಲ ಕೂಲಿ. ಕೈಗೆ ಕಟ್ಟುವ ವಾಚ್‌ಗಳ ಕ್ಯಾಲೊರಿ ಲೆಕ್ಕ ಬೇರೆ ಅಷ್ಟಕ್ಕಷ್ಟೇ.

ದಿನಕ್ಕೆ ಸರಾಸರಿ ಎಷ್ಟು ತಿಂದಿದ್ದೀರಿ ಅಂತ ಆ್ಯಪ್‌ನಲ್ಲೇ ನೋಡಿ.

ಡೊಂಬಿವಲಿ ಲೋಕಲ್:
2,310.

ಥಾಣೆ ಅಕ್ಕ:
ಆರು ವಾರ ತೂಕ ನಿಂತಿದೆ ಅಂದರೆ ನಿಮ್ಮ ಖರ್ಚೂ ಅಷ್ಟೇ. ಸೂತ್ರಕ್ಕಿಂತ ಇದನ್ನೇ ನಂಬಿ. ಇದರಲ್ಲಿ 400 ಕಳೆಯಿರಿ. ಒಂದು ಕಿಲೋ ಕೊಬ್ಬಿಗೆ 7,700 ಅಂತ ಹಿಡಿದರೆ ಇಪ್ಪತ್ತು ದಿನ ಹತ್ತಿರ ಬೇಕು. ಸೆಡೆಂಟರಿ ಹಾಕಿ ವಾಚ್ ಇಟ್ಟುಕೊಳ್ಳಿ, ಇಲ್ಲ ಲೈಟ್ ಹಾಕಿ ವಾಚ್ ಬಿಚ್ಚಿ. ಎರಡನ್ನೂ ಒಟ್ಟಿಗೆ ಮಾಡಬೇಡಿ. ತೂಕ ದಿನಾ ನೋಡಿದರೂ ವಾರದ ಸರಾಸರಿ ಮಾತ್ರ ಲೆಕ್ಕ. ಉಪ್ಪಿನಕಾಯಿ ತಿಂದ ಮಾರನೇ ದಿನ ನೀರಿನದ್ದೇ ಅರ್ಧ ಕಿಲೋ ಏರಿರುತ್ತದೆ.

ಪುಣೆ ಪೆಡಲ್:
ಒಂದು ಗ್ರಾಂವರೆಗೂ ತೋರಿಸುವ ಅಡುಗೆ ಕಾಟಾ ತಗೊಳ್ಳಿ. ನನ್ನ ಹತ್ತಿರ ಎರಡಿವೆ, ಒಂದು ಕಾಫಿಪುಡಿಗೆ ಅಂತಲೇ.

ಮುಲುಂಡ್ ಮಾಣಿ:
ಅದಕ್ಕೂ ಪವರ್ ಮೀಟರ್ ಉಂಟಾ?

ಡೊಂಬಿವಲಿ ಲೋಕಲ್:
ಮೂರು ವಾರ ಆಯ್ತು. 'ಸೆಡೆಂಟರಿ' ಒತ್ತುವಾಗ ಮರ್ಯಾದೆ ಹೋದಂಗಾಯ್ತು, ಆದರೂ ಒತ್ತಿದೆ. ವಾಚ್ ಇದೆ, ವಡಾಪಾವ್ ವಾರಕ್ಕೆ ಎರಡು. ಸರಾಸರಿ 77.2. ಥ್ಯಾಂಕ್ಸ್ ಅಕ್ಕ.

ಮಾಟುಂಗಾ ಮಾಮ:
ನೋಡಿದ್ರಾ, ವಡಾಪಾವ್ ಕಡಿಮೆ ಮಾಡಿದ್ರಿ. ಅದರಲ್ಲಿ ಇರೋದೇನು? ಎಣ್ಣೆ.