ಯೋಧರನ್ನು ಹೂಳಿದ ಜಾಗಕ್ಕೆ ‘ಸ್ಮಶಾನ’ವಲ್ಲದೆ ಬೇರೆ ಪದವುಂಟೇ?

ಬಲ್ಲವರಲ್ಲಿ ಒಂದು ಪದ ಕೇಳಬೇಕಾಗಿದೆ. ಪೀಠಿಕೆ ಸ್ವಲ್ಪ ಉದ್ದವಾಗುತ್ತದೆ, ಸೈರಿಸಿಕೊಳ್ಳಿ.

ನನ್ನ ತಮ್ಮ ಸೈನ್ಯದಲ್ಲಿದ್ದಾನೆ, ಸದ್ಯ ನಾಗಾಲ್ಯಾಂಡಿನಲ್ಲಿ. ರಜೆಯಲ್ಲಿ ಅವನಲ್ಲಿಗೆ ಹೋದಾಗ ಕೊಹಿಮಾದ ಗ್ಯಾರಿಸನ್ ಹಿಲ್‌ಗೆ ಕರೆದುಕೊಂಡು ಹೋದ. ಎರಡನೆಯ ಮಹಾಯುದ್ಧದಲ್ಲಿ, 1944ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಪಾನಿ ಸೇನೆಯೊಂದಿಗೆ ನಡೆದ ಕದನದಲ್ಲಿ ಸತ್ತ ಬ್ರಿಟಿಷ್ ಮತ್ತು ಭಾರತೀಯ ಪಡೆಗಳವರ ಜಾಗ ಅದು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಹುಲ್ಲು ಬೆಳೆಸಿ, ಸಾಲಾಗಿ ಗಿಡ್ಡ ಕಲ್ಲುಗಳನ್ನು ನೆಟ್ಟಿದ್ದಾರೆ. ಕಲ್ಲಿನ ಮೇಲೆ ಕಂಚಿನ ಫಲಕ, ಫಲಕದಲ್ಲಿ ಹೆಸರು, ಪಡೆ, ವಯಸ್ಸು. ನಡುವೆ ಒಂದು ಟೆನಿಸ್ ಅಂಗಳದ ಬಿಳಿ ಗೆರೆಗಳು. ಎರಡೂ ಕಡೆಯವರು ಆ ಅಂಗಳದ ಆಚೆ ಈಚೆ ಕುಳಿತು ಬಾಂಬು ಎಸೆದಾಡಿದ್ದರಂತೆ. ನನ್ನ ಮಗಳು ಗೆರೆಯ ಮೇಲೆ ಕಾಲಿಡದೆ ದಾಟಿದಳು, ಯಾರೂ ಹೇಳಿರಲಿಲ್ಲ.

ಮೂರು ದಿನ ರೈಲಿನಲ್ಲಿ ಕುಳಿತು ಗಂಗಾವತಿಗೆ ಬಂದರೆ, ಹೊಸ್ತಿಲಲ್ಲೇ ಅವ್ವ ಕೇಳಿದಳು, ಏನೇನು ನೋಡಿದಿರಿ ಎಂದು. “ಸ್ಮಶಾನ ನೋಡಿದೆವು ಅಜ್ಜಿ, ಎಷ್ಟು ಚೆನ್ನಾಗಿತ್ತು!” ಎಂದಳು ಮಗಳು. ಮುಗಿಯಿತು. ಚೀಲಗಳು ಹೊರಗೇ ಉಳಿದವು, ನಾವು ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ. “ದುಡ್ಡು ಕೊಟ್ಟು ಟಿಕೆಟ್ ತೆಗೆಸಿ ಸ್ಮಶಾನಕ್ಕೆ ಹೋಗುವವರನ್ನು ಈ ಜನ್ಮದಲ್ಲಿ ಕಂಡೆ” ಎಂಬ ಮಾತು ಬಚ್ಚಲ ಗೋಡೆಯಾಚೆಯಿಂದ ಕೇಳುತ್ತಿತ್ತು.

ಆಮೇಲೆ ಒಂದು ಸ್ಮರಣ ಸಂಚಿಕೆಗೆ ಈ ಪ್ರವಾಸದ ಲೇಖನ ಕಳಿಸಿದೆ. ನಾನು ‘ಯುದ್ಧ ಸ್ಮಶಾನ’ ಎಂದು ಬರೆದದ್ದನ್ನು ಸಂಪಾದಕರು ‘ರುದ್ರಭೂಮಿ’ ಮಾಡಿದರು. ಬಾಣಲೆಯಿಂದ ಬೆಂಕಿಗೆ! ಆ ಪದದಲ್ಲಿ ಚಿತೆಯ ಹೊಗೆ ಇನ್ನೂ ಆರಿಲ್ಲ. ಕೊಹಿಮಾದಲ್ಲಿ ಕಂಡದ್ದು ಕತ್ತರಿಸಿದ ಹುಲ್ಲು.

ಮೂಲಾರ್ಥದಲ್ಲಿ ಸ್ಮಶಾನಕ್ಕೆ (ಶುದ್ಧರೂಪ ‘ಶ್ಮಶಾನ’ ಎಂಬುದು ಗೊತ್ತು, ಪತ್ರಿಕೆಗಳು ನಮ್ಮ ಕೈಯನ್ನು ಪಳಗಿಸಿಬಿಟ್ಟಿವೆ) ಏನೂ ದೋಷವಿಲ್ಲ. ವೇದದ ಪದಗಳ ಮೂಲ ಬಿಡಿಸುವ ಹಳೆಯ ಗ್ರಂಥವಾದ ಯಾಸ್ಕನ ನಿರುಕ್ತದ ಪ್ರಕಾರ ಅದು ಶ್ಮಶಯನ, ‘ಶ್ಮ’ ಎಂದರೆ ಶರೀರ, ಅಂದರೆ ಒಡಲು ಮಲಗುವ ಜಾಗ. ಇಂಗ್ಲಿಷಿನವರ ‘ಸೆಮೆಟರಿ’ಯ ಗ್ರೀಕ್ ಬೇರಿಗೂ ಮಲಗುವ ಜಾಗವೆಂದೇ ಅರ್ಥ. ಆದರೆ ಬೇರು ಹಿಡಿದು ಅವ್ವನ ಜೊತೆ ವಾದ ಮಾಡಲಾಗುವುದಿಲ್ಲ. ನಮ್ಮಲ್ಲಿ ಅಲ್ಲಿಗೆ ಯಾರೂ ‘ನೋಡಲು’ ಹೋಗುವುದಿಲ್ಲ. ಯಾರಾದರೂ ತೀರಿಕೊಂಡರೆ ‘ಮಣ್ಣಿಗೆ’ ಹೋಗುತ್ತೇವೆ, ಬಂದು ಸ್ನಾನ ಮಾಡುತ್ತೇವೆ.

ಸೋಜಿಗವೆಂದರೆ, ಸತ್ತವರ ನೆಲೆಗೆ ಪದಗಳ ಬರ ನಮ್ಮ ಜಿಲ್ಲೆಗಿಲ್ಲ. ಕೊಪ್ಪಳದ ಗವಿಮಠದಲ್ಲಿರುವುದು ಗದ್ದುಗೆ. ಆನೆಗೊಂದಿಯ ನಡುಗಡ್ಡೆಯಲ್ಲಿ ಒಂಬತ್ತು ಯತಿಗಳದ್ದು ಬೃಂದಾವನ. ಜೈನರು ಸಲ್ಲೇಖನದಿಂದ ದೇಹಬಿಟ್ಟರೆ ನಿಸಿದಿ. ಮುಸ್ಲಿಮರದ್ದು ಗೋರಿ. ಸಹಗಮನ ಮಾಡಿದವಳಿಗೆ ಮಾಸ್ತಿಗಲ್ಲು. ಹಿರೇಬೆಣಕಲ್ಲಿನ ಬೆಟ್ಟದ ಮೇಲಿನ ಶಿಲಾಯುಗೋತ್ತರ ಕಲ್ಲುಗೋರಿಗಳನ್ನಂತೂ ಜನ ಮೋರ್ಯರ ಮನೆಗಳು ಎನ್ನುತ್ತಾರೆ, ಗೋರಿಯೆಂಬ ಸುಳಿವೇ ಇಲ್ಲ. ಹೀಗೆ ಹೇಗೆ ಸತ್ತ, ಯಾರಾಗಿ ಸತ್ತ ಎಂಬುದರ ಮೇಲೆ ಪದ. ಸಿಪಾಯಿಗಳನ್ನು ಸಾಲಾಗಿ ಹೂಳಿದ ಜಾಗ ಮಾತ್ರ ನಮ್ಮಲ್ಲಿರಲಿಲ್ಲ, ಪದವೂ ಇಲ್ಲ.

‘ಸಮಾಧಿ’ ಆದೀತೆಂದು ಕೆಲವರು ಹೇಳಿದರು. ಇಲ್ಲೊಂದು ತೊಡಕಿದೆ. ಕೊಹಿಮಾದಲ್ಲಿ 1,420 ಮಂದಿಯನ್ನು ಹೂಳಲಾಗಿದೆ. ಅದೇ ಆವರಣದ ಮೇಲ್ತುದಿಯಲ್ಲಿ ಇನ್ನೊಂದು ಸ್ಮಾರಕವಿದ್ದು, ಅದರಲ್ಲಿ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರುಗಳಿವೆ. ಅವರವರ ಧರ್ಮದಂತೆ ಸುಟ್ಟದ್ದರಿಂದ ಅವರಿಗೆ ಅಲ್ಲಿ ಕುಣಿ ಇಲ್ಲ. ‘ಸಮಾಧಿ’ ಎಂದರೆ ಈ 917 ಮಂದಿ ಹೊರಗುಳಿದರು, ‘ಸ್ಮಾರಕ’ ಎಂದರೆ ಅಷ್ಟು ಗೋರಿಗಳು ಕಾಣದೆ ಹೋದವು. ‘ಹುತಾತ್ಮ’ ಸೇರಿಸಿದರೆ ಇನ್ನೊಂದು ಜಗಳ. ಹುತವೆಂದರೆ ಅಗ್ನಿಗೆ ಅರ್ಪಿಸಿದ್ದು, ಅದನ್ನು ಮಣ್ಣಿನಲ್ಲಿ ಮಲಗಿದವನಿಗೆ ಹೇಳುತ್ತಿದ್ದೇವೆ. ‘ಶಹೀದ್’, ‘ಮಾರ್ಟರ್’ ಎರಡರ ಮೂಲದಲ್ಲೂ ಇರುವುದು ಸಾಕ್ಷಿ ಎಂಬ ಅರ್ಥ, ಹೋಮವಲ್ಲ. ಸೇನೆಯೇ 2022ರಲ್ಲಿ ‘ಮಾರ್ಟರ್’ ಎಂಬ ಪದ ಮಡಿದ ಸೈನಿಕರಿಗೆ ಸಲ್ಲದೆಂದು ತನ್ನವರಿಗೆ ತಿಳಿಸಿತ್ತು. ಕನ್ನಡ ಪತ್ರಿಕೆಗಳು ಕೇಳಿಸಿಕೊಂಡಂತಿಲ್ಲ.

ನನ್ನ ಒಲವು ‘ವೀರಗಲ್ಲಿ’ನ ಕಡೆಗೆ. ಅದರ ಕೆಳಗೆ ಹೆಣವಿರಬೇಕೆಂಬ ಹಟವಿಲ್ಲ, ಸುಟ್ಟವನಿಗೂ ಹೂತವನಿಗೂ ಒಂದೇ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ. ಶಾಸನದ ಮಾತು ಮಾತ್ರ ಬಹಳ ಕಡೆ ಬರೀ ‘ಸತ್ತ’. ಸುಮಾರು 890ರ ಬೇಗೂರಿನ ಕಲ್ಲೂ ಬೆಂಗಳೂರಿನ ಕಾಳಗದಲ್ಲಿ ಸತ್ತನೆಂದೇ ಹೇಳುತ್ತದೆ. ಅಲಂಕಾರವೆಲ್ಲ ಉಳಿಗೆ ಬಿಟ್ಟು ಭಾಷೆಯನ್ನು ಬಿಗಿಹಿಡಿದಿದ್ದಾರೆ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೂ ‘ನೆತ್ತರುಗೊಡಗೆ’ ಎಂಬ ನೇರ ಹೆಸರಿತ್ತು. ಇಂದಿನ ‘ಅನುಕಂಪದ ಪರಿಹಾರ’ಕ್ಕಿಂತ ಅದೇ ಮರ್ಯಾದಸ್ತ ಪದ.

ಆದರೆ ವೀರಗಲ್ಲು ಒಂದು ಕಲ್ಲಿನ ಹೆಸರು. ಇಡೀ ಜಾಗಕ್ಕೆ ಏನೆನ್ನೋಣ? ‘ವೀರಗಲ್ಲು ವನ’ ಎಂದರೆ ಅರಣ್ಯ ಇಲಾಖೆಯ ಫಲಕದಂತೆ ಕೇಳುತ್ತದೆ. ‘ಕಲ್ಲುಸಾಲು’ ನನಗೆ ಹಿಡಿಸಿತು, ಆದರೆ ಓದಿದವರು ಕ್ವಾರಿ ಎಂದುಕೊಂಡಾರು.

ಮೊನ್ನೆ ಪಕ್ಕದ ಮನೆಯವರು ಕೇಳಿದಾಗ ಅವ್ವ, “ಸಿಪಾಯಿಗಳ ಕಲ್ಲು ನೋಡಿಕೊಂಡು ಬಂದಿದ್ದಾರೆ” ಎಂದಳು. ಬಚ್ಚಲ ಪ್ರಸಂಗ ಎತ್ತಲಿಲ್ಲ.

ಎರಡು ಪ್ರಶ್ನೆಗಳು. ಹಲವು ವೀರಗಲ್ಲುಗಳು ಒಟ್ಟಿಗಿರುವ ಜಾಗಕ್ಕೆ ನಿಮ್ಮ ಊರಿನಲ್ಲಿ ಪ್ರತ್ಯೇಕ ಹೆಸರಿದೆಯೇ? ರಾಯಚೂರು, ಬಳ್ಳಾರಿ ಕಡೆಯವರು ಹೊಲದ ಬದುವಿನಲ್ಲಿ ಸುಣ್ಣ ಬಳಿದು ಪೂಜಿಸುವ ಇಂತಹ ಕಲ್ಲುಗಳನ್ನು ಏನೆಂದು ಕರೆಯುತ್ತೀರಿ? ಸಂಚಿಕೆ ಮುದ್ರಣಕ್ಕೆ ಹೋಗಲು ಹತ್ತು ದಿನವಿದೆ, ‘ರುದ್ರಭೂಮಿ’ ಇನ್ನೂ ಅಲ್ಲೇ ಕುಳಿತಿದೆ.