ಪದ ಬೇಕು: ಆನ್‌ಲೈನ್ 'ಸ್ಟ್ರಾ ಪೋಲ್' (ತುರ್ತು)

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಪ್ರದರ್ಶನವೊಂದಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಚಾಮರಾಜಪೇಟೆಯ ಪ್ರೆಸ್ಸಿಗೆ ಫೈಲ್ ಹೋಗಬೇಕು. 'ಸ್ಟ್ರಾ ಪೋಲ್' ಫಲಕ ಮಾತ್ರ ಬಗ್ಗುತ್ತಿಲ್ಲ. ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಗುಂಡಿ ಒತ್ತಬಹುದು. ಬಿದ್ದ ಮತಗಳನ್ನು ರಾಜ್ಯವಾರು ಕೂಡಿಸಿ, ನಕ್ಷೆಗೆ ಪಕ್ಷಗಳ ಕೆಂಪು-ನೀಲಿ ಬಳಿದು, ರಾಜ್ಯಗಳಿಗೆ ಹಂಚಿರುವ 538 ಎಲೆಕ್ಟರ್ ಮತಗಳಲ್ಲಿ ಗೆಲುವಿಗೆ ಬೇಕಾದ 270 ಯಾರಿಗೆ ಎಂದು ಹೇಳುತ್ತಾರೆ. ಇದಕ್ಕೆ 'ಸಮೀಕ್ಷೆ' ಸಾಕೇ? 'ಸ್ಟ್ರಾ'ವನ್ನು ಪದಶಃ ತಂದು 'ಹುಲ್ಲುಕಡ್ಡಿ ಮತ' ಎಂದವರೂ ಇದ್ದಾರೆ, ಬೇಡ. ಎರಡು ಪದಕ್ಕಷ್ಟೇ ಜಾಗ.

ಬಸವನಗುಡಿಯಿಂದ: ಸಾಲದು. ಸಮೀಕ್ಷೆಯಲ್ಲಿ ಯಾರನ್ನು ಕೇಳಬೇಕೆಂದು ನಾವು ಆರಿಸುತ್ತೇವೆ. ಇಲ್ಲಿ ಹುರುಪಿದ್ದವರು ತಾವೇ ಬಂದು ಒತ್ತಿ ಹೋಗುತ್ತಾರೆ. ಸಂಖ್ಯೆ ದೊಡ್ಡದಾದರೆ ಸರಿಹೋಗುತ್ತದೆ ಅನ್ನಬೇಡಿ. 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಮತಚೀಟಿ ಅಂಚೆಗೆ ಹಾಕಿತು. ವಿಳಾಸ ಹೆಕ್ಕಿದ್ದು ಬಹುಪಾಲು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಿಂದ. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು, ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. ಆದರೆ ಎದುರಾಳಿ ರೂಸ್‌ವೆಲ್ಟ್ ಆಗಿದ್ದ 48ರಲ್ಲಿ 46 ರಾಜ್ಯ ಬಾಚಿಕೊಂಡರು. ಲ್ಯಾಂಡನ್‌ಗೆ ಉಳಿದದ್ದು ಮೇನ್, ವರ್ಮಾಂಟ್. 'ಜಾಲ ಜನಮತ' ಅನ್ನಿ.

ವಿಜಯನಗರದಿಂದ: 'ಜನಮತ' ಕೇಳಿದರೆ ಜನಮತಗಣನೆ ನೆನಪಾಗುತ್ತದೆ. ಮುಂದೆ 'ಜಾಲ' ಬೇರೆ! ಪೊಲೀಸರು ಭೇದಿಸಿದ ಜಾಲ ಅಂತ ಓದಿಕೊಳ್ಳುತ್ತಾರೆ. ಒಲವು, ಎಣಿಕೆ ಎರಡೂ ನಮ್ಮವೇ ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು? 'ಒಲವೆಣಿಕೆ'.

ಬಸವನಗುಡಿಯಿಂದ: ಒಲವೆಣಿಕೆ ವಧೂವರ ಕೇಂದ್ರದ ಬೋರ್ಡಿಗೆ ಚೆನ್ನ. 'ಚುನಾವಣೆ' ಹಿಂದಿಯ 'ಚುನ್‌ನಾ' ಬಳಗದ್ದು, ಅದನ್ನು ಮೊದಲು ಮನೆಯಾಚೆ ಹಾಕಿ.

ವಿಜಯನಗರದಿಂದ: ಬೇರು ಬಿಟ್ಟದ್ದನ್ನು ಕೀಳಿ ಅಂದವರಾರು? ಹೊಸದಾಗಿ ನೆಡಬೇಡಿ ಅಂದೆ, ಅಷ್ಟೇ. ಓದಿ ಉತ್ತರಿಸಿ.

ಮಲ್ಲೇಶ್ವರದಿಂದ: ದೇಶಕ್ಕೆ 'ಸಂಯುಕ್ತ ಸಂಸ್ಥಾನ' ಅಂತೀರಿ, ಒಳಗೆ 'ರಾಜ್ಯವಾರು' ಅಂತೀರಿ. 'ಸಂಸ್ಥಾನವಾರು' ಆಗಬೇಕು.

ಬಸವನಗುಡಿಯಿಂದ: ನಾಳೆ ಟೆಕ್ಸಾಸಿಗೆ ದಿವಾನರನ್ನೂ ನೇಮಿಸಿ.

ಪ್ರಶ್ನೆ ಕೇಳಿದವರು: ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು. 'ಆನ್‌ಲೈನ್ ಅಂದಾಜು' ಹಾಕುತ್ತಿದ್ದೇನೆ. ಕೆಳಗೆ ಸಣ್ಣಕ್ಷರದಲ್ಲಿ: 'ಇಷ್ಟಪಟ್ಟು ಬಂದು ಒತ್ತಿದವರ ಲೆಕ್ಕ, ಮತದಾರರೆಲ್ಲರ ಮಾದರಿಯಲ್ಲ.' 'ರಾಜ್ಯವಾರು' ಹಾಗೇ ಇರುತ್ತದೆ. ಎಲ್ಲರಿಗೂ ವಂದನೆ.

ವಿಜಯನಗರದಿಂದ: ಅಂದಾಜು ಫಾರಸಿ, ಆನ್‌ಲೈನ್ ಇಂಗ್ಲಿಷು. ಫಲಕ ಕನ್ನಡದ್ದು ತಾನೇ?