ಗೇರುಬೀಜ ಹೆಕ್ಕುವ ಕಾಲಕ್ಕೆ ಹಿಂಗತ್ತು, ಕೈ ಸುಡುತ್ತದೆ: ಹಚ್ಚುವುದೇನು, ತಡೆಯುವುದು ಹೇಗೆ?

ಬದಿಯಡ್ಕ_ಗುಡ್ಡೆ

ಗೇರುಬೀಜ ಹೆಕ್ಕುವುದು, ಅಂಗಳದಲ್ಲಿ ಚಾಲಿ (ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸುವ) ಅಡಿಕೆ ಮಗುಚುವುದು, ಒಣಸೋಗೆ ಹೊರುವುದು, ಎಲ್ಲ ಒಟ್ಟಿಗೇ ಬರುವುದು ಫೆಬ್ರವರಿಯಿಂದ ಏಪ್ರಿಲ್ ತನಕ. ಕೆಲಸದವರು 8 ಗಂಟೆಗೆ ಗುಡ್ಡೆ ಹತ್ತಿ 12ಕ್ಕೆ ಮೊದಲೇ ಇಳಿಯುತ್ತಾರೆ, ಮತ್ತೆ ಹೋಗುವುದು 3ರ ನಂತರ. ನಡು ಮಧ್ಯಾಹ್ನ ಯಾರೂ ಹೊರಗಿಲ್ಲ. ಆದರೂ ಸಂಜೆಯಾಗುವಾಗ ಹಿಂಗತ್ತು, ಕಿವಿಯ ಅಂಚು, ಮೊಣಕೈಯಿಂದ ಕೆಳಗೆ ಉರಿ ಶುರು. ನಾಲ್ಕೈದು ದಿನಕ್ಕೆ ಸಿಪ್ಪೆ ಏಳುತ್ತದೆ.

ಗೊತ್ತಾಗಬೇಕಾದ್ದು ಇಷ್ಟು. ಮಧ್ಯಾಹ್ನ ತಪ್ಪಿಸಿದರೂ ಸುಡುವುದು ಯಾಕೆ? ಉರಿ ಬಂದ ದಿನ ಏನು ಮಾಡಬೇಕು? ತೆಂಗಿನೆಣ್ಣೆ, ಮಜ್ಜಿಗೆ, ಅರಿಶಿನ, ಲೋಳೆಸರ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸನ್‌ಸ್ಕ್ರೀನ್ ಕ್ರೀಮು ತೋಟದ ಕೆಲಸಕ್ಕೆ ಆಗುವ ಹೋಗುವ ಮಾತೇ? ಬೆವರಿಗೆ ಹತ್ತು ನಿಮಿಷ ನಿಲ್ಲುವುದಿಲ್ಲ.

ಚೀಟಿ_ಮದ್ದು

ಮೊದಲು ಉರಿಯ ವಿಷಯ.

ಬಿಸಿಲು ಸುಟ್ಟದ್ದು ಕೂಡಲೇ ಗೊತ್ತಾಗುವುದಿಲ್ಲ. 3ರಿಂದ 6 ಗಂಟೆ ಕಳೆದು ಕಾಣಿಸುತ್ತದೆ, 12ರಿಂದ 24 ಗಂಟೆಯೊಳಗೆ ಜೋರಾಗುತ್ತದೆ, ಮೂರನೇ ದಿನ ಇಳಿಯುತ್ತದೆ. ನಮ್ಮವರ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದು. ಆ ಜಾಗ ಮುಟ್ಟಿದರೆ ಬಿಸಿ, ಬಿಗಿತ, ಬಟ್ಟೆ ತಾಗಿದರೆ ನೋವು: ಇಷ್ಟಿದ್ದರೆ ಸುಟ್ಟಿದೆ ಎಂದೇ ಲೆಕ್ಕ. ಉರಿ ಇನ್ನೂ ಏರುವ ಹಂತದಲ್ಲಿದ್ದರೆ ಮರುದಿನ ಅದೇ ಜಾಗಕ್ಕೆ ಬಿಸಿಲು ತಾಗಿಸಬೇಡಿ.

ಆ ಸಂಜೆಯೇ ಬಾವಿಯ ತಣ್ಣೀರನ್ನು 10ರಿಂದ 15 ನಿಮಿಷ ಹೊಯ್ಯಿರಿ, ಅಥವಾ ಒದ್ದೆ ಹತ್ತಿಬಟ್ಟೆ ಹಾಕಿ, ಅದು ಬೆಚ್ಚಗಾದಂತೆ ಬದಲಾಯಿಸಿ. ಮಲಗುವ ತನಕ ನಾಲ್ಕೈದು ಸಲ ಹೀಗೆ ಮಾಡಬಹುದು. ಮಂಜುಗಡ್ಡೆ ನೇರ ಇಡಬಾರದು. ಸುಟ್ಟ ಚರ್ಮಕ್ಕೆ ಅದು ಎರಡನೇ ಪೆಟ್ಟು. ಸೋಪು ಹಾಕಿ ಉಜ್ಜಬೇಡಿ. ಒರಸುವಾಗ ಬೈರಾಸಿನಿಂದ (ಟವೆಲಿನಿಂದ) ಒತ್ತಿ ಬಿಡಿ ಸಾಕು, ಸ್ವಲ್ಪ ಪಸೆ ಉಳಿದಿರುವಾಗಲೇ ಪರಿಮಳವಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಕ್ಯಾಲಮೈನ್ ಲೋಷನ್ನೂ ಆಗುತ್ತದೆ, ಆದರೆ ಅದು ಚರ್ಮ ಒಣಗಿಸುತ್ತದೆ, ಸಿಪ್ಪೆ ಏಳುವ ಹಂತಕ್ಕೆ ಬೇಡ.

ಮನೆಮದ್ದಿನಲ್ಲಿ ಲೋಳೆಸರಕ್ಕೆ ನನ್ನ ತಕರಾರಿಲ್ಲ, ತೆಗೆಯುವ ಕ್ರಮ ಸರಿಯಿದ್ದರೆ. ಎಲೆ ಕೊಯ್ದು ಕೊಯ್ದ ತುದಿ ಕೆಳಗೆ ಮಾಡಿ 10–15 ನಿಮಿಷ ನಿಲ್ಲಿಸಿ. ಇಳಿಯುವ ಹಳದಿ ರಸವೇ ತುರಿಕೆ ತರಿಸುವುದು. ಅದು ಹೋದ ಮೇಲೆ ತೊಳೆದು, ಸಿಪ್ಪೆ ಸುಲಿದು, ಒಳಗಿನ ತಿಳಿ ಲೋಳೆ ಮಾತ್ರ ಬಳಸಿ. ಮೊದಲು ಸುಡದ ಜಾಗದಲ್ಲಿ ಒಂದು ಚುಕ್ಕೆ ಹಚ್ಚಿ ನೋಡಿ. ತಣ್ಣಗಿನ ಮಜ್ಜಿಗೆ ಮಾಡುವ ಕೆಲಸವನ್ನು ಬಾವಿನೀರೂ ಮಾಡುತ್ತದೆ. ಮಜ್ಜಿಗೆ ಕುಡಿಯುವುದು ಒಳ್ಳೆಯದು. ಅರಿಶಿನದಿಂದ ಚರ್ಮದ ಬಣ್ಣ ಮುಚ್ಚಿಹೋಗಿ ಒಳಗೆ ಏನಾಗಿದೆ ಎಂದು ಕಾಣುವುದಿಲ್ಲ. ತೆಂಗಿನೆಣ್ಣೆ ಮೊದಲ ದಿನ ಬೇಡ: ಬಿಸಿ ಹೊರಹೋಗದಂತೆ ಮೇಲೊಂದು ಪದರ ಕಟ್ಟುತ್ತದೆ. ಮೂರನೇ ದಿನದ ನಂತರ ಉರಿ ಆರಿ ಸಿಪ್ಪೆ ಏಳುವಾಗ ತೆಂಗಿನೆಣ್ಣೆಯಷ್ಟು ಸಲೀಸು ಬೇರೆ ಇಲ್ಲ. ಸಿಪ್ಪೆ ಎಳೆದು ಕೀಳಬೇಡಿ. ಟೂತ್‌ಪೇಸ್ಟ್, ಲಿಂಬೆರಸ ಎರಡೂ ಕೂಡದು. ಲಿಂಬೆರಸ ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬೀಳುತ್ತದೆ.

ನೋವಿಗೆ ಐಬುಪ್ರೊಫೆನ್ 400 ಮಿ.ಗ್ರಾಂ, ಊಟದ ನಂತರ, 8 ಗಂಟೆಗೊಮ್ಮೆ, ಒಂದೆರಡು ದಿನ. ಬೇಗ ತೆಗೆದುಕೊಂಡರೆ ಉಪಯೋಗ ಹೆಚ್ಚು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಉಬ್ಬಸ ಇರುವವರು, ಗರ್ಭಿಣಿಯರು, ಬಿ.ಪಿ.ಗೆ ಮೂತ್ರ ಹೋಗುವ ಮಾತ್ರೆ ನುಂಗುವವರು, ನೀರು ಕುಡಿಯದೆ ಬಳಲಿದವರು ಇದನ್ನು ಬಿಟ್ಟು ಪ್ಯಾರಾಸಿಟಮಾಲ್ ತೆಗೆದುಕೊಳ್ಳಬೇಕು. ಜ್ವರ ಇದ್ದು ಡೆಂಗಿ ಸಂಶಯ ಇದ್ದರೂ ಹಾಗೆಯೇ.

ಗುಳ್ಳೆ ಎದ್ದರೆ ಸೂಜಿ ಚುಚ್ಚಬೇಡಿ, ಮೇಲಿನ ಚರ್ಮವೇ ಅದಕ್ಕೆ ಬ್ಯಾಂಡೇಜು. ತಾನಾಗಿ ಒಡೆದರೆ ಸೋಪುನೀರಿನಲ್ಲಿ ಮೆತ್ತಗೆ ತೊಳೆದು, ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಅಂಟದ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಕಟ್ಟಿ.

ಇನ್ನೊಂದು ಮಾತು ಬೇಕೆಂದೇ ಹೇಳುತ್ತೇನೆ. "ಉರಿಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳಿದರೆ ಕೆಲವು ಕಡೆ ಗಜಕರ್ಣಕ್ಕೆ ಕೊಡುವ, ಬಲವಾದ ಸ್ಟೀರಾಯ್ಡ್ ಬೆರೆಸಿದ ಕ್ರೀಮು ಸಿಗುತ್ತದೆ. ಟ್ಯೂಬಿನ ಮೇಲೆ ಕ್ಲೊಬೆಟಸಾಲ್ ಎಂದಿದ್ದರೆ ವಾಪಸು ಕೊಡಿ. ಮುಖಕ್ಕೆ ದಿನಾ ಹಚ್ಚಿದರೆ ಚರ್ಮ ತೆಳುವಾಗಿ ಮುಂದೆ ಬಿಸಿಲನ್ನು ಇನ್ನೂ ತಡೆಯಲಾರದು.

ಹಾಳೆಮುಟ್ಟಾಳೆ

ಮಧ್ಯಾಹ್ನ ತಪ್ಪಿಸಿದರೂ ಸುಡುವುದು ಯಾಕೆ ಎಂಬುದಕ್ಕೆ ಉತ್ತರ: ಸೆಖೆ ಬೇರೆ, ಸುಡುವ ಕಿರಣ ಬೇರೆ.

ಕಾಸರಗೋಡು ಇರುವುದು ಹತ್ತಿರ ಹತ್ತಿರ 75 ಡಿಗ್ರಿ ರೇಖಾಂಶದಲ್ಲಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಡಿಗ್ರಿಗೆ 4 ನಿಮಿಷದ ಹಾಗೆ ನಮಗೆ ಅರ್ಧ ಗಂಟೆ ತಡ. ಅಂದರೆ ಇಲ್ಲಿ ನಿಜವಾದ ನಡುಹಗಲು 12 ಗಂಟೆಯಲ್ಲ, 12.30ರ ಆಚೀಚೆ. ಚರ್ಮ ಸುಡುವ ಅತಿನೇರಳೆ ಕಿರಣದ ಬಲ ಅದರ ಎರಡೂ ಬದಿಗೆ ಸಮ: ಬೆಳಗ್ಗೆ 10.30ಕ್ಕೆ ಎಷ್ಟೋ, ಮಧ್ಯಾಹ್ನ 2.30ಕ್ಕೆ ಅಷ್ಟೇ. ಸೆಖೆ ಮಾತ್ರ 10.30ಕ್ಕೆ ಕಮ್ಮಿ, ನೆಲ ಇನ್ನೂ ಕಾದಿರುವುದಿಲ್ಲ. ಗಾಳಿ ಬೀಸುತ್ತಿರುತ್ತದೆ, ಹಾಯೆನಿಸುತ್ತದೆ, ಕೆಲಸ ಸಾಗುತ್ತದೆ, ಚರ್ಮ ಸುಡುತ್ತದೆ.

ಕೇರಳದ ಕಾರ್ಮಿಕ ಇಲಾಖೆ ಪ್ರತಿ ಬೇಸಿಗೆ 12ರಿಂದ 3ರ ತನಕ ಬಿಸಿಲಿನ ಕೆಲಸಕ್ಕೆ ಬಿಡುವು ಕೊಡಬೇಕೆಂದು ಆದೇಶ ಹೊರಡಿಸುತ್ತದಲ್ಲ, ಅದು ಮುಖ್ಯವಾಗಿ ಸೂರ್ಯಾಘಾತ ತಡೆಯಲು. ಆ ಕೆಲಸಕ್ಕೆ ಅದು ಸರಿ. ಚರ್ಮದ ಲೆಕ್ಕಕ್ಕೆ 9.30ರಿಂದ 12ರ ತನಕದ ಬಿಸಿಲು ಹೊರಗೇ ಉಳಿಯಿತು.

ನೆನಪಿಡಲು ಸುಲಭ ಅಳತೆ ನೆರಳು. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರು. ಏಪ್ರಿಲ್ ನಾಲ್ಕನೇ ವಾರ ನಮ್ಮ ಅಕ್ಷಾಂಶಕ್ಕೆ (12.5 ಡಿಗ್ರಿ) ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಆಗ ಈ ಗಿಡ್ಡ ನೆರಳಿನ ಹೊತ್ತು 9.30ರಿಂದ 3.30, ಪೂರಾ ಆರು ಗಂಟೆ. ಬಗ್ಗಿ ಗೇರುಬೀಜ ಹೆಕ್ಕುವವರ ಮುಖಕ್ಕಿಂತ ಹಿಂಗತ್ತು, ಕಿವಿ ಸುಡುವುದೂ ಅದಕ್ಕೇ.

ಆದ್ದರಿಂದ ಕೆಲಸದ ಹಂಚಿಕೆ ಹೀಗಿರಲಿ: ಗುಡ್ಡೆಯ ಬೋಳು ಜಾಗದ ಕೆಲಸ 6.30ರಿಂದ 9.30. ನಂತರ ತೋಟದೊಳಗೆ ನೆರಳಿನ ಕೆಲಸ, ಅಥವಾ ಚಾವಡಿಯಲ್ಲಿ ಅಡಿಕೆ ಸುಲಿಯುವುದು. ಅಂಗಳದ ಅಡಿಕೆ ಮಗುಚಲು 10 ನಿಮಿಷ ಸಾಕು, ಅದನ್ನು 9ಕ್ಕೆ ಮೊದಲು ಒಮ್ಮೆ, 4ರ ನಂತರ ಒಮ್ಮೆ ಮಾಡಿ.

ಬಟ್ಟೆ ಕ್ರೀಮಿಗಿಂತ ಮೇಲು. ಉದ್ದ ತೋಳಿನ, ಕಾಲರ್ ಇರುವ, ಒತ್ತಾಗಿ ನೇಯ್ದ ಗಾಢ ಬಣ್ಣದ ಅಂಗಿ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಬೆರಳು ಕಾಣಿಸಿದರೆ ಕಿರಣವೂ ದಾಟುತ್ತದೆ. ಹಳೇ ತೆಳು ಬಿಳಿ ಅಂಗಿ, ಅದರಲ್ಲೂ ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿಕೊಂಡದ್ದು, ಬಹಳ ಕಮ್ಮಿ ತಡೆಯುತ್ತದೆ.

ಟೊಪ್ಪಿ? ನನ್ನ ಹೆಸರೇ ಮುಟ್ಟಾಳೆ, ಆದರೂ ಹೇಳುತ್ತೇನೆ: ಅಡಿಕೆ ಹಾಳೆಯಿಂದ ಮಾಡಿದ ಮುಟ್ಟಾಳೆ ತಲೆ ಕಾಯುತ್ತದೆ, ಕಿವಿ ಕಾಯುವುದಿಲ್ಲ. ಅದು ಹೊರೆ ಹೊರಲು ಆದದ್ದು, ಅಂಚಿಲ್ಲ. ಮುಟ್ಟಾಳೆಯ ಅಡಿಗೆ ಬೈರಾಸು ಹಾಕಿ ಅದರ ಎರಡು ಸೆರಗು ಕಿವಿ, ಹಿಂಗತ್ತಿನ ಮೇಲೆ ಇಳಿಯುವಂತೆ ಬಿಟ್ಟರೆ ಕೊರತೆ ತುಂಬುತ್ತದೆ. ಇಲ್ಲವಾದರೆ ಸುತ್ತ 3 ಇಂಚು ಅಂಚಿರುವ ಟೊಪ್ಪಿ. ಕ್ರಿಕೆಟ್ ಟೊಪ್ಪಿಗೆ ಮುಂದೆ ಮಾತ್ರ ಅಂಚು, ಬಗ್ಗಿದವರ ಹಿಂಗತ್ತಿಗೆ ಅದರಿಂದ ಲಾಭವಿಲ್ಲ. ತೋಟದ ನೈರುತ್ಯ ಅಂಚಿನ ಅಡಿಕೆ ಮರಕ್ಕೆ ಬಿಸಿಲು ಹೊಡೆದು ಕಾಂಡ ಬಿರಿಯಬಾರದೆಂದು ಹಾಳೆ, ಸೋಗೆ ಕಟ್ಟಿ ಕೊಡುತ್ತೇವೆ. ಕಟ್ಟುವವನ ಕತ್ತು ಮಾತ್ರ ಬರಿದು.

ಬದಿಯಡ್ಕ_ಗುಡ್ಡೆ

10.30 ಮತ್ತು 2.30 ಸಮ ಎಂಬುದು ಹೊಳೆದಿರಲಿಲ್ಲ. ಎರಡು ಪ್ರಶ್ನೆ ಉಳಿದವು. ಕೆಲವರಿಗೆ ಬೆರಳ ಸಂದು, ತುಟಿಯ ಬದಿಯಲ್ಲಿ ಕೂಡ ಸುಟ್ಟ ಹಾಗೆ ಆಗುತ್ತದೆ, ಅದೂ ಬಿಸಿಲೇ? ಸುಣ್ಣದ ತಿಳಿಯನ್ನು ತೆಂಗಿನೆಣ್ಣೆಯಲ್ಲಿ ಕಡೆದು ಹಚ್ಚುವುದುಂಟು, ಅದು ಆದೀತೇ?

ಸೊನೆ_ತೊಳೆ

ಬೆರಳ ಸಂದು, ತುಟಿಯ ಬದಿ ಎಂದರೆ ಬಿಸಿಲಲ್ಲ, ಗೇರುಬೀಜದ ಸಿಪ್ಪೆಯ ಎಣ್ಣೆ. ಅದರಲ್ಲಿರುವ ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್ ಚರ್ಮ ಸುಡುತ್ತವೆ. ಮಾವಿನ ಸೊನೆಯೂ ಅದೇ ಕುಲದ್ದು, ಅದೇ ತಿಂಗಳಿನದ್ದು. ಬೇರೆ ಮಾಡಿ ನೋಡುವುದು ಹೀಗೆ: ಬಿಸಿಲಿನದ್ದು ಅಂಗಿಯ ತೋಳು ಮುಗಿದಲ್ಲಿ ಗೆರೆ ಹೊಡೆದಂತೆ ನಿಲ್ಲುತ್ತದೆ, ಗಲ್ಲದ ಅಡಿ, ಕಿವಿಯ ಹಿಂದೆ, ವಾಚಿನ ಪಟ್ಟಿಯ ಕೆಳಗೆ ಇರುವುದಿಲ್ಲ. ಎಣ್ಣೆಯದ್ದು ಹನಿ ಬಿದ್ದಲ್ಲಿ, ಒರಸಿದಲ್ಲಿ, ಚುಕ್ಕೆ ಚುಕ್ಕೆಯಾಗಿ, ಕಂದು ಕಪ್ಪಾಗಿ. ಬಿಸಿಲಿನದ್ದು ಉರಿ ಹೆಚ್ಚು. ಎಣ್ಣೆಗೆ ಅಲರ್ಜಿಯಾದರೆ ಒಂದೆರಡು ದಿನ ಬಿಟ್ಟು ತುರಿಕೆ, ನೀರ್ಗುಳ್ಳೆ.

ತೊಳೆಯುವ ಕ್ರಮ ಮುಖ್ಯ. ಸಿಪ್ಪೆಯೆಣ್ಣೆ ನೀರಿನಲ್ಲಿ ಕರಗದು, ಬರೀ ನೀರು ಹಾಕಿದರೆ ಹರಡುತ್ತದೆ. ಮೊದಲು ತೆಂಗಿನೆಣ್ಣೆ ಸವರಿ ಹಳೇ ಬಟ್ಟೆಯಲ್ಲಿ ಒರಸಿ, ಆಮೇಲೆ ಸೋಪು, ಕೊನೆಗೆ ನೀರು. ಆ ಬಟ್ಟೆಯಲ್ಲಿ ಮುಖ ಒರಸಬೇಡಿ. ತುಟಿಗೆ ಬರುವುದು ಹೀಗೆಯೇ. ಕೆಲಸಕ್ಕೆ ಮೊದಲೇ ಅಂಗೈಗೆ ಎಣ್ಣೆ ಹಚ್ಚಿಕೊಂಡರೆ ಅಂಟುವುದು ಕಮ್ಮಿ, ಕೈಗವಸು ಇನ್ನೂ ಒಳ್ಳೆಯದು. ಇಲ್ಲಿ ತೆಂಗಿನೆಣ್ಣೆ ಮೊದಲ ಮದ್ದು, ಬಿಸಿಲಿನ ಉರಿಗೆ ಕೊನೆಯ ಮದ್ದು. ಅದಲುಬದಲು ಮಾಡಿದರೆ ಎರಡೂ ಕೆಡುತ್ತದೆ.

ಸುಣ್ಣದ ತಿಳಿ ಬೇಡ. ತಿಳಿ ಪೂರ್ತಿ ತಿಳಿಯಾಗದೆ ಸ್ವಲ್ಪ ಗಸಿ ಬಂದರೂ ಅದು ಕ್ಷಾರ. ಸುಟ್ಟ ಚರ್ಮವನ್ನು ಮತ್ತೆ ಸುಡುತ್ತದೆ.

ಯಾರೂ ಎತ್ತದ ಒಂದು ವಿಷಯ, ಮಾತ್ರೆಗಳು. ಮಳೆಗಾಲದಲ್ಲಿ ಕೆಸರು, ನಿಂತ ನೀರಿನ ಕೆಲಸದವರಿಗೆ ಇಲಿಜ್ವರ ಬಾರದಂತೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿ.ಗ್ರಾಂ ಕೊಡುತ್ತಾರೆ. ಅದು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ. ಮಳೆ ಬಿಟ್ಟ ಎರಡು ಗಂಟೆಯ ಬಿಸಿಲಿಗೇ ಕೈ ಉರಿಯಬಹುದು. ಆಗಸ್ಟ್ 19ರ ಸುಮಾರಿಗೆ ಸೂರ್ಯ ಎರಡನೇ ಸಲ ನೆತ್ತಿಗೆ ಬರುತ್ತಾನೆ, ತೆಳು ಮೋಡ ಅವನನ್ನು ಅಷ್ಟಾಗಿ ತಡೆಯುವುದಿಲ್ಲ. ಹಾಗೆಂದು ಮಾತ್ರೆ ಬಿಡಬೇಡಿ, ಇಲಿಜ್ವರ ಜೀವ ತೆಗೆಯುತ್ತದೆ. ತುಂಬ ನೀರಿನೊಂದಿಗೆ ಊಟದ ನಂತರ ನುಂಗಿ, ತೋಳು ಮುಚ್ಚಿ ಕೆಲಸ ಮಾಡಿ. ಬಿ.ಪಿ.ಯ ಹೈಡ್ರೊಕ್ಲೋರೊಥಯಾಜೈಡ್, ನೋವಿನ ನ್ಯಾಪ್ರಾಕ್ಸೆನ್, ಮೊಡವೆಯ ಐಸೊಟ್ರೆಟಿನಾಯಿನ್ ಇವೂ ಹಾಗೆಯೇ. ಒಂದೇ ಬಿಸಿಲಿನಲ್ಲಿ ಒಬ್ಬನೇ ಸುಟ್ಟರೆ ಅವನ ಮಾತ್ರೆಯ ಚೀಟಿ ನೋಡಿ.

ಚೀಟಿ_ಮದ್ದು

ಕ್ರೀಮಿನ ಲೆಕ್ಕ ಬಾಕಿ ಇತ್ತು. ಎಸ್‌ಪಿಎಫ್ (ಕ್ರೀಮು ಬಿಸಿಲು ತಡೆಯುವ ಬಲದ ಅಂಕಿ) ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿ.ಗ್ರಾಂ ಹಚ್ಚಿ. ಮುಖ ಮತ್ತು ಕತ್ತಿಗೆ ಒಂದು ಟೀ ಚಮಚ, ಒಂದೊಂದು ಕೈಗೆ ಒಂದೊಂದು. ಒಂದು ಸಲಕ್ಕೆ 15 ಮಿ.ಲೀ. ಆಯಿತು, 50 ಗ್ರಾಂ ಟ್ಯೂಬು ಮೂರು ಸಲಕ್ಕೆ ಖಾಲಿ. ಹೀಗೆ ಯಾರೂ ಹಚ್ಚುವುದಿಲ್ಲ, ಕಡಲೆಕಾಳಿನಷ್ಟು ಹಚ್ಚಿ "ಕೆಲಸ ಮಾಡಲಿಲ್ಲ" ಎನ್ನುತ್ತಾರೆ. ಕೈಗೆ ಅಂಗಿ ಇರಲಿ, ಕ್ರೀಮು ಮುಖ, ಕಿವಿ, ಹಿಂಗತ್ತಿಗೆ ಮಾತ್ರ ಸಾಕು. ಆಗ ದಿನಕ್ಕೆರಡು ಸಲದಂತೆ ಟ್ಯೂಬು ಐದು ದಿನ ಬರುತ್ತದೆ. ಎಸ್‌ಪಿಎಫ್ 30 ಸುಮಾರು 97 ಶೇಕಡಾ ತಡೆಯುತ್ತದೆ, 50 ಸುಮಾರು 98; ದುಡ್ಡು ಹೆಚ್ಚು ಕೊಡುವುದಕ್ಕಿಂತ ಹೆಚ್ಚು ಹಚ್ಚುವುದು ಲಾಭ. ಹೊರಡುವ 15–20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೆ ಮತ್ತೆ. ಬೆವರುವವರು "ವಾಟರ್ ರೆಸಿಸ್ಟೆಂಟ್" ಎಂದಿರುವುದನ್ನೇ ಕೊಳ್ಳಿ, ಅದರ ಆಯುಷ್ಯವೂ 40 ಅಥವಾ 80 ನಿಮಿಷ. ಆರು ತಿಂಗಳೊಳಗಿನ ಮಗುವಿಗೆ ಕ್ರೀಮಲ್ಲ, ನೆರಳು.

ಸುಟ್ಟು ಕಪ್ಪಾದದ್ದು ತಾನಾಗಿ ತಿಳಿಯಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅವಸರಕ್ಕೆ ಹೆಸರಿಲ್ಲದ ಬೆಳ್ಳಗಾಗುವ ಕ್ರೀಮು ತರಿಸಬೇಡಿ. ಪಾದರಸ ಇದ್ದ ಅಂಥ ಕ್ರೀಮುಗಳಿಂದ ಮೂತ್ರಪಿಂಡ ಕೆಟ್ಟ ಪ್ರಕರಣಗಳು 2023ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ವರದಿಯಾಗಿವೆ.

ಆಸ್ಪತ್ರೆಗೆ ಹೋಗಬೇಕಾದದ್ದು: ಬೆನ್ನಿಡೀ ಗುಳ್ಳೆ, ಮುಖ ಊದಿ ಕಣ್ಣು ಮುಚ್ಚಿದರೆ, ಚಳಿಜ್ವರ, ನಿಲ್ಲದ ವಾಂತಿ, ಕೀವು. ಮಾತು ತಡವರಿಸಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ ಅದು ಸೂರ್ಯಾಘಾತ. 108ಕ್ಕೆ ಫೋನು ಮಾಡಿ, ವಾಹನ ಬರುವ ತನಕ ಕಾಯದೆ ನೆರಳಿಗೆ ತಂದು ಮೈಗೆಲ್ಲ ನೀರು ಹೊಯ್ದು ಗಾಳಿ ಬೀಸಿ, ಬಾಯಿಗೆ ಏನೂ ಹಾಕಬೇಡಿ. ಎಚ್ಚರವಿದ್ದು ಬರೀ ಬಳಲಿಕೆಯಾದರೆ ಒಂದು ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕೊಡಿ. ಉಪ್ಪು ಕಣ್ಣಂದಾಜಿಗೆ ಹಾಕುವುದು ಬೇಡ.

ಹಾಳೆಮುಟ್ಟಾಳೆ

ಸೇರಿಸಲು ಒಂದು. ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಬೇಸಿಗೆಯಲ್ಲಿ ಪ್ರತಿದಿನ ಯು.ವಿ. (ಅತಿನೇರಳೆ ಕಿರಣದ) ಸೂಚ್ಯಂಕ ಕೊಡುತ್ತದೆ, ಕಾಸರಗೋಡಿಗೆ ಉದುಮದ ಅಳತೆ. ಬರಹ ಮಲಯಾಳದಲ್ಲಿ, ಕನ್ನಡ ಕೇಳುವವರಿಗೆ ಯಾವತ್ತಿನ ಕಥೆ. ಆದರೆ ಅಂಕಿ, ಬಣ್ಣ ಓದಲು ಲಿಪಿ ಬೇಡ: 6–7 ಹಳದಿ, 8–10 ಕಿತ್ತಳೆ, 11 ಮತ್ತು ಮೇಲೆ ಕೆಂಪು. ಕಿತ್ತಳೆ ಬಂದ ದಿನ ಗುಡ್ಡೆಯ ಕೆಲಸ ಬೆಳಗ್ಗೆಯೇ ಮುಗಿಸಿ.

ಬದಿಯಡ್ಕ_ಗುಡ್ಡೆ

ತೋಟದೊಳಗೆ ನುಸಿಯ (ಸೊಳ್ಳೆಯ) ಕಾಟ, ನುಸಿ ಓಡಿಸುವ ಮುಲಾಮನ್ನೂ ಹಚ್ಚುತ್ತಾರೆ. ಎರಡನ್ನೂ ಕಲಸಿ ಹಚ್ಚಬಹುದೇ?

ಚೀಟಿ_ಮದ್ದು

ಕಲಸಬೇಡಿ. ಸನ್‌ಸ್ಕ್ರೀನ್ ಮೊದಲು, ಅದು ಹೀರಿ ಒಣಗಿದ ಮೇಲೆ ನುಸಿಯ ಮುಲಾಮು. ಡೀಟ್ ಎಂಬ ನುಸಿ ಓಡಿಸುವ ರಾಸಾಯನಿಕ ಇರುವ ಮುಲಾಮು ಸನ್‌ಸ್ಕ್ರೀನಿನ ಬಲವನ್ನು ತಗ್ಗಿಸುತ್ತದೆ, ಹಾಗಾಗಿ ಎರಡು ಗಂಟೆ ಕಾಯದೆ ಒಂದೂವರೆ ಗಂಟೆಗೇ ಕ್ರೀಮು ಮತ್ತೆ ಹಚ್ಚಿ. ನುಸಿಯದ್ದನ್ನು ಅದರ ಡಬ್ಬಿಯಲ್ಲಿ ಬರೆದ ಹೊತ್ತಿಗೆ ಮಾತ್ರ. ಸುಟ್ಟು ಸಿಪ್ಪೆ ಎದ್ದ ಜಾಗಕ್ಕೆ ನುಸಿಯ ಮುಲಾಮು ಹಚ್ಚಲೇಬೇಡಿ, ಅಂಗಿಯ ತೋಳು ಇಳಿಸಿ.